ಸೂಜಿ, ದಾರ ಮತ್ತು ಒಂದು ಲೋಟ ಚಹಾ

ಕೆಲವು ವರ್ಷಗಳ ಹಿಂದೆ ನಾವು ರೋಗಿಯೊಬ್ಬರಿಗೆ ಕೊಟ್ಟ ಒಂದು ಸಲಹೆಯ ವಿಚಾರವನ್ನು ಸದ್ಭಕ್ತರ ಮುಂದಿಟ್ಟು ಈ ತಿಂಗಳ ಲೇಖನವನ್ನು ಆರಂಭಿಸುತ್ತೇವೆ. ಆ ಸಲಹೆಯು ವೈದ್ಯಶಾಸ್ತ್ರದ ದೃಷ್ಟಿಯಿಂದ ತಪ್ಪಾಗಿರಲಿಲ್ಲ. ಆದರೆ ಆ ರೋಗಿಯ ಬದುಕಿನ ದೃಷ್ಟಿಯಿಂದ ದೊಡ್ಡ ತಪ್ಪಾಗಿತ್ತು.

ಹಳದೀಪುರದ ನಮ್ಮ ಚಿಕಿತ್ಸಾಲಯಕ್ಕೆ ಅರವತ್ತು ದಾಟಿದ ತಾಯಿಯೊಬ್ಬರು ಕುತ್ತಿಗೆನೋವು, ಕೈಬೆರಳುಗಳ ಸಂದುನೋವು ಮತ್ತು ಕಣ್ಣುರಿಯೆಂದು ಬಂದಿದ್ದರು. ಪತಿ ತೀರಿಕೊಂಡಿದ್ದರು, ಮಕ್ಕಳಿಬ್ಬರೂ ಪರಸ್ಥಳದಲ್ಲಿದ್ದರು. ದಿನವೂ ಮಧ್ಯಾಹ್ನ ಎರಡು ಮೂರು ತಾಸು ತಲೆ ತಗ್ಗಿಸಿಕೊಂಡು ಹೊಲಿಗೆ ಮಾಡುವ ಅಭ್ಯಾಸ ಅವರಿಗಿತ್ತು. ನಾವು ಪರೀಕ್ಷಿಸಿ, ತೈಲವನ್ನೂ ಕಷಾಯವನ್ನೂ ಕೊಟ್ಟು, ಕೊನೆಯಲ್ಲಿ ಹೇಳಿದೆವು: "ಅಮ್ಮಾ, ಇನ್ನು ಸೂಜಿ ಹಿಡಿಯುವುದು ಬೇಡ. ಈ ವಯಸ್ಸಿನಲ್ಲಿ ಹೊಲಿದು ಯಾರಿಗೆ ಕೊಡಬೇಕಾಗಿದೆ?" ಅವರು ತಲೆಯಾಡಿಸಿ ಹೋದರು. ಹೇಳಿದ್ದನ್ನು ಅಕ್ಷರಶಃ ಪಾಲಿಸಿದರು.

ಮೂರು ತಿಂಗಳಲ್ಲಿ ಕುತ್ತಿಗೆನೋವು ಕಡಿಮೆಯಾಯಿತು. ಆದರೆ ಹತ್ತು ತಿಂಗಳಲ್ಲಿ ಅವರ ತೂಕ ಇಳಿಯಿತು, ಹಸಿವು ಹೋಯಿತು, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ ಎಂಬ ಸ್ಥಿತಿ ಬಂತು. ರಕ್ತಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. ನಾವು ದೀಪನ, ಪಾಚನದ ಔಷಧಿಗಳನ್ನು ಬದಲಿಸಿ ಬದಲಿಸಿ ಕೊಟ್ಟೆವು. ಒಂದು ದಿನ, ಮಳೆಯ ಕಾರಣ ಬೇರೆ ರೋಗಿಗಳಿಲ್ಲದಿದ್ದ ಹೊತ್ತಿನಲ್ಲಿ, "ಮಧ್ಯಾಹ್ನ ಏನು ಮಾಡುತ್ತೀರಿ?" ಎಂದು ಕೇಳಿದೆವು. ಅವರ ಉತ್ತರ ಹೀಗಿತ್ತು: "ಏನೂ ಇಲ್ಲ ಡಾಕ್ಟ್ರೇ, ಒಬ್ಬಳೇ ಇರ್ತೆ. ಮೊದಲು ಪಕ್ಕದ ಮನೆ ಜಗಲಿಯಲ್ಲಿ ನಾವು ನಾಲ್ಕು ಜನ ಕೂತು ಹೊಲೀತಿದ್ವು, ಚಾ ಕುಡೀತಿದ್ವು. ನೀವು ಸೂಜಿ ಬಿಡಿ ಅಂದ್ರಿ, ಬಿಟ್ಟೆ. ಕೈಯಲ್ಲಿ ಕೆಲಸ ಇಲ್ಲದೆ ಮತ್ತೊಬ್ಬರ ಜಗಲಿ ಮೇಲೆ ಹೋಗಿ ಕೂತ್ರೆ ಜನ ಏನಂತಾರೆ?"

ಆ ಮಾತನ್ನು ಕೇಳಿ ನಾವು ಬಹಳ ಹೊತ್ತು ಸುಮ್ಮನಿದ್ದೆವು. ನಾವು ಬಿಡಿಸಿದ್ದು ಸೂಜಿಯನ್ನಲ್ಲ, ಆ ಸೂಜಿಯ ನೆಪದಲ್ಲಿ ಅವರಿಗೆ ದೊರೆಯುತ್ತಿದ್ದ ಸಂಗವನ್ನು. ಕುತ್ತಿಗೆಯ ವಾತವನ್ನು ಶಮನಗೊಳಿಸಲು ಹೋಗಿ ಮನಸ್ಸಿಗೆ ವಿಷಾದವನ್ನು ಉಣಿಸಿದ್ದೆವು. ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯವೃತ್ತಿ ಮಾಡಿದ ಬಳಿಕ ನಮಗಾದ ಈ ತಿಳಿವಳಿಕೆಯನ್ನು ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನೆಪ ಬೇಕಾಗುವುದು ಯಾರಿಗೆ?

ನಮ್ಮ ಊರಿನಲ್ಲಿ ಚಾದಂಗಡಿಗಳಿಗೆ ಕೊರತೆಯಿಲ್ಲ. ಬೆಳಿಗ್ಗೆ ಆರಕ್ಕೇ ಅಲ್ಲಿ ಬೆಂಚುಗಳು ತುಂಬಿರುತ್ತವೆ. ಮೀನಿನ ದರ, ಅಡಿಕೆಯ ಧಾರಣೆ, ಹಿಂದಿನ ರಾತ್ರಿಯ ಯಕ್ಷಗಾನದ ಭಾಗವತರ ಕಂಠ, ಪಂಚಾಯತಿಯ ರಾಜಕೀಯ, ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ. ಗಂಡಸು ಅಲ್ಲಿ ಅರ್ಧ ತಾಸು ಸುಮ್ಮನೆ ಕುಳಿತರೂ ಯಾರೂ ಏಕೆಂದು ಕೇಳುವುದಿಲ್ಲ. ಒಂದು ಲೋಟ ಚಹಾದ ಬೆಲೆ ಕೊಟ್ಟರೆ ಕೂರುವ ಹಕ್ಕು ಬರುತ್ತದೆ.

ಹೆಂಗಸರಿಗೆ ಅಂಥ ಬೆಂಚಿಲ್ಲ. ಹಳ್ಳಿಯಲ್ಲಿ ಐವತ್ತು ದಾಟಿದ ಗೃಹಿಣಿಯೊಬ್ಬಳು ಚಾದಂಗಡಿಯಲ್ಲಿ ಕುಳಿತು ಗೆಳತಿಯೊಡನೆ ಮಾತಾಡುವುದನ್ನು ನಾವು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಅವಳು ಮನೆಯಿಂದ ಹೊರಗೆ ಕಾಲಿಡಬೇಕಾದರೆ ಒಂದು ಕಾರಣ ಬೇಕು: ದೇವಸ್ಥಾನ, ಸಂತೆ, ಆಸ್ಪತ್ರೆ, ಸಂಘದ ಸಭೆ. ಹಿಂದಿನ ಕಾಲದಲ್ಲಿ ಆ ಕಾರಣವನ್ನು ಕೈಕೆಲಸವೇ ಒದಗಿಸುತ್ತಿತ್ತು. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ, ಹುಣಸೆಹಣ್ಣು ಬಿಡಿಸುವುದು, ಹೂ ಕಟ್ಟುವುದು, ಚಾಪೆ ಹೆಣೆಯುವುದು, ಮಳೆಗಾಲ ಬರುವ ಮುನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊದಿಕೆ ಹೊಲಿಯುವುದು. ಕೈ ಕೆಲಸದಲ್ಲಿದ್ದಾಗ ಬಾಯಿಗೆ ಬಿಡುವು. ಮಾತಾಡಲು ಕುಳಿತಿದ್ದಾರೆಂದು ಯಾರೂ ಹೇಳುವಂತಿರಲಿಲ್ಲ, ಏಕೆಂದರೆ ಸಂಜೆಯ ಹೊತ್ತಿಗೆ ತೋರಿಸಲು ಒಂದು ವಸ್ತುವಿರುತ್ತಿತ್ತು.

ಸಿದ್ಧ ಉಡುಪುಗಳು ಬಂದವು, ಪೊಟ್ಟಣದ ಹಪ್ಪಳ ಬಂತು, ಹೊದಿಕೆಗಳು ಅಗ್ಗವಾದವು. ಇದರಿಂದ ಶ್ರಮ ಉಳಿದದ್ದು ನಿಜ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಶ್ರಮದೊಡನೆ ನೆಪವೂ ಹೋಯಿತು. ಅದಕ್ಕೆ ಸರಿಯಾಗಿ ಊರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗಿ ಅಗಲವಾಯಿತು. ಹೊನ್ನಾವರಕ್ಕೂ ಕುಮಟೆಗೂ ಬೇಗ ತಲಪುವ ಅನುಕೂಲ ನಮಗೆಲ್ಲ ದೊರೆತಿದೆ. ಆದರೆ ಎದುರುಬದಿಯ ಮನೆಗೆ ಸೆರಗಿನಲ್ಲಿ ನಾಲ್ಕು ಕರಿಬೇವಿನ ಎಸಳು ಕಟ್ಟಿಕೊಂಡು ದಾಟಿಹೋಗುತ್ತಿದ್ದ ವೃದ್ಧೆಗೆ ಈಗ ಆ ರಸ್ತೆಯು ಶರಾವತಿಯಷ್ಟೇ ಅಗಲವಾಗಿ ಕಾಣುತ್ತದೆ. ನದಿಗಾದರೂ ದೋಣಿಯಿರುತ್ತದೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ. ಮನೆಯಲ್ಲಿ ಉಳಿದದ್ದು ದೂರದರ್ಶನದ ಧಾರಾವಾಹಿ ಮತ್ತು ಕೈಯಲ್ಲೊಂದು ಮೊಬೈಲು.

ಶಾಸ್ತ್ರವು ಹೇಳುವುದೇನು?

ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಯಾವ ಯಾವ ವಿಷಯದಲ್ಲಿ ಯಾವುದು ಪ್ರಧಾನವೆಂಬ ದೊಡ್ಡದೊಂದು ಪಟ್ಟಿಯಿದೆ. ರೋಗವನ್ನು ವೃದ್ಧಿಗೊಳಿಸುವ ಸಂಗತಿಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಆಚಾರ್ಯರು ಅಲ್ಲಿ ಹೇಳುತ್ತಾರೆ. ಗಮನಿಸಬೇಕು: ಅಪಥ್ಯವಲ್ಲ, ಚಳಿಗಾಳಿಯಲ್ಲ, ವಿಷಾದ. ಸುಶ್ರುತಾಚಾರ್ಯರು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಗಳ ಸಮತೆಯೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾರೆ. ನಮ್ಮ ಆ ರೋಗಿಗೆ ನಾವು ದೋಷಸಾಮ್ಯವನ್ನು ಕೊಡಲು ಹೊರಟು ಪ್ರಸನ್ನತೆಯನ್ನು ಕಸಿದುಕೊಂಡಿದ್ದೆವು.

ಸೂಜಿಗೂ ಆಯುರ್ವೇದಕ್ಕೂ ಹಳೆಯ ನಂಟಿದೆ. ಸುಶ್ರುತ ಸಂಹಿತೆಯು ಹೇಳುವ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ಸೀವ್ಯ, ಅಂದರೆ ಹೊಲಿಗೆಯೂ ಒಂದು. ಯಾವ ಭಾಗಕ್ಕೆ ಎರಡು ಅಂಗುಲದ ದುಂಡು ಸೂಜಿ, ಯಾವುದಕ್ಕೆ ಮೂರು ಅಂಗುಲದ ಮೂರು ಮೂಲೆಯ ಸೂಜಿ, ಯಾವುದಕ್ಕೆ ಬಿಲ್ಲಿನಂತೆ ಬಾಗಿದ ಸೂಜಿ ಎಂಬ ವಿವರ ಅಲ್ಲಿದೆ. ಗಾಯವನ್ನು ಹೊಲಿಯುವ ಒಂದು ವಿಧಾನಕ್ಕೆ ತುನ್ನಸೇವನೀ ಎಂದು ಹೆಸರು. ಹರಿದ ಬಟ್ಟೆಗೆ ಹಾಕುವ ಹೊಲಿಗೆಯಿಂದಲೇ ಆ ಹೆಸರು ಬಂದಿದೆ. ಶಿಷ್ಯನು ರೋಗಿಯ ಮೇಲೆ ಕೈಯಿಡುವ ಮುನ್ನ ದಪ್ಪ ನೇಯ್ಗೆಯ ಬಟ್ಟೆಯ ಅಂಚುಗಳನ್ನು ಹೊಲಿದು ಅಭ್ಯಾಸ ಮಾಡಬೇಕೆಂಬ ವಿಧಿಯೂ ಇದೆ. ಹೀಗೆ ವೈದ್ಯನ ಮೊದಲ ಪಾಠಗಳಲ್ಲಿ ಒಂದು ನಮ್ಮ ತಾಯಂದಿರ ಜಗಲಿಯ ಪಾಠವೇ ಆಗಿದೆ. ಆ ಕೆಲಸವನ್ನು "ಹೊತ್ತು ಹೋಗದವರ ಕೆಲಸ" ಎಂದು ಕಡೆಗಣಿಸಿದ ನಮಗೆ ಇದು ನೆನಪಿರಬೇಕಾಗಿತ್ತು.

ಆಧುನಿಕ ವೈದ್ಯಲೋಕವೂ ಈಗ ಇದೇ ಹಾದಿಗೆ ಬಂದಿದೆ. ಬ್ರಿಟನ್ ದೇಶವು 2018ರಲ್ಲಿ ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲೆಂದೇ ಸಚಿವರೊಬ್ಬರಿಗೆ ಹೊಣೆ ವಹಿಸಿತು. ಅಲ್ಲಿನ ವೈದ್ಯರು ರೋಗಿಯನ್ನು ತೋಟಗಾರಿಕೆ, ಹಾಡುಗಾರಿಕೆ, ಕೈಕಸುಬುಗಳ ಕೂಟಗಳಿಗೆ ಕಳುಹಿಸುವ ಪದ್ಧತಿಯಿದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದ ಕನ್ನಡಿಗರಾದ ಡಾ. ವಿವೇಕ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಘೋಷಿಸಿ ಎಚ್ಚರಿಕೆಯ ವರದಿಯನ್ನು ಹೊರಡಿಸಿದರು. ಸಂಗಸಂಬಂಧಗಳ ಕೊರತೆಯಿಂದ ಆಯುಷ್ಯಕ್ಕೆ ಆಗುವ ಹಾನಿಯನ್ನು ದಿನಕ್ಕೆ ಹದಿನೈದು ಸಿಗರೇಟು ಸೇದುವ ಹಾನಿಗೆ ಅವರು ಹೋಲಿಸಿದ್ದರು. 2025ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು ಹೊರತಂದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರು. ಬೀಡಿ ಸೇದುವ ರೋಗಿಗೆ ನಾವು ಗದರಿಸಿ ಬುದ್ಧಿ ಹೇಳುತ್ತೇವೆ. "ನಿಮ್ಮ ಜೊತೆ ದಿನಕ್ಕೆ ಎಷ್ಟು ಜನ ಮಾತಾಡುತ್ತಾರೆ?" ಎಂದು ಮಾತ್ರ ಕೇಳುವುದಿಲ್ಲ.

ನಮ್ಮ ನಾಡಿನ ಹೊಲಿಗೆಯ ಕೂಟಗಳು

ನಾವು ಮೂಲತಃ ಬಯಲುಸೀಮೆಯವರು, ಧಾರವಾಡದ ಕಡೆಯವರು. ನಮ್ಮ ತಾಯಿಯವರು ಕೌದಿ ಹೊಲಿಯುತ್ತಿದ್ದ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪಡಸಾಲೆಯಲ್ಲಿ ಹಳೆಯ ಇಳಕಲ್ ಸೀರೆಯನ್ನೂ ಧೋತರದ ತುಂಡುಗಳನ್ನೂ ಪದರಪದರವಾಗಿ ಹಾಸಿ, ನಾಲ್ಕು ಕಡೆಗೆ ನಾಲ್ವರು ಕುಳಿತು, ಅಂಚಿನಿಂದ ನಡುವಿಗೆ ಹೊಲಿಗೆ ಹಾಕುತ್ತ ಬರುತ್ತಿದ್ದರು. ಸೊಸೆಯಂದಿರ ಸಂಕಟ, ಹೆರಿಗೆಯ ಮದ್ದು, ಸತ್ತವರ ನೆನಪು, ಎಲ್ಲವೂ ಆ ಕೌದಿಯ ಸುತ್ತ ಮಾತಾಗುತ್ತಿತ್ತು. ಅಳುವವರು ಅಳುತ್ತಿದ್ದರು. ಯಾರೂ ತಲೆಯೆತ್ತಿ ಮುಖ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಸೂಜಿಯ ಮೇಲಿರುತ್ತಿತ್ತು. ಎದುರಾಎದುರು ಕುಳಿತು ಕೇಳಿದರೆ ಹೊರಬರದ ದುಃಖವು ಕೈಕೆಲಸದ ನಡುವೆ ತಾನಾಗಿ ಹೊರಬರುತ್ತದೆಂಬುದನ್ನು ನಾವು ವೈದ್ಯರಾದ ಮೇಲೆ ಅರಿತೆವು.

ಅದೇ ಸೀಮೆಯ ಕಸೂತಿಯ ವಿಚಾರವನ್ನು ಭಕ್ತರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಟು ಹಾಕದೆ, ಎಳೆ ಎಣಿಸಿ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಲ್ಲಿ ಗೋಪುರ, ತೇರು, ನಂದಿ, ತುಳಸಿಕಟ್ಟೆಗಳನ್ನು ಮೂಡಿಸುವ ಈ ಕಲೆಯು ಮನಸ್ಸನ್ನು ಒಂದೆಡೆ ನಿಲ್ಲಿಸುವ ಸಾಧನವೂ ಹೌದು. ಎಣಿಕೆ ತಪ್ಪಿದರೆ ಬಿಚ್ಚಬೇಕು, ಆದ್ದರಿಂದ ಚಿಂತೆಗೆ ಎಡೆಯಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಜನಾಂಗದ ತಾಯಂದಿರು ಹೊಲಿಯುವ ಕವಂದಿಯು ಇಂದು ದೇಶವಿದೇಶಗಳ ಪ್ರದರ್ಶನಗಳನ್ನು ಕಂಡಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ತಂದು ಮುಗಿಸುವರು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂವುಗಳನ್ನು ಹೊಲಿಯದೆ ಕವಂದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಚಳಿಗೆ ಹೂವಿನ ಅಗತ್ಯವಿಲ್ಲ. ಆದರೆ ಮನುಷ್ಯನಿಗೆ ಇದೆ.

ಇದು ಹೆಂಗಸರಿಗೆ ಮಾತ್ರ ಮೀಸಲಾದ ಕೆಲಸವೆಂದೂ ತಿಳಿಯಬಾರದು. ಬಸವಾದಿ ಶರಣರ ಕಾಲದಲ್ಲಿ ಸೂಜಿಕಾಯಕದ ರಾಮಿತಂದೆಗಳು ಸೂಜಿಯಿಂದಲೇ ಹೆಸರು ಪಡೆದ ಪುರುಷರು. ಕದಿರ ರೆಮ್ಮವ್ವೆ ನೂಲು ತೆಗೆಯುವ ಕಾಯಕದವರು, ಜೇಡರ ದಾಸಿಮಯ್ಯಗಳು ನೇಯ್ಗೆಯವರು. ನೂಲು, ನೇಯ್ಗೆ, ಹೊಲಿಗೆ ಮೂರೂ ಶರಣಪರಂಪರೆಯಲ್ಲಿ ಗೌರವದ ಸ್ಥಾನ ಪಡೆದವು. ಅನುಭವ ಮಂಟಪದಲ್ಲಿ ಕುಳಿತವರು ಕಾಯಕವನ್ನು ಬಿಟ್ಟು ಬಂದವರಲ್ಲ, ಕಾಯಕದ ಅನುಭವವನ್ನು ಹೊತ್ತು ತಂದವರು. ದುಡಿಯುವ ಕೈ ಮತ್ತು ಕೂಡಿ ಆಡುವ ಮಾತು ಬೇರೆ ಬೇರೆಯಲ್ಲವೆಂಬ ಅರಿವು ನಮ್ಮ ಪರಂಪರೆಗೆ ಹೊಸದಲ್ಲ. ಇಲ್ಲಿನ ಕರಾವಳಿಯಲ್ಲಿಯೂ ಯಕ್ಷಗಾನದ ವೇಷಭೂಷಣಗಳಿಗೆ ಮಣಿ ಪೋಣಿಸುವ, ಬಣ್ಣದ ಬಟ್ಟೆ ಹೊಲಿಯುವ ಗಂಡಸರನ್ನು ನಾವು ಬಲ್ಲೆವು. ಇದೇ ತಾಲೂಕಿನ ಗುಣವಂತೆಯಲ್ಲಿ 1934ರಿಂದ ನಡೆದುಬಂದ ಕೆರೆಮನೆಯವರ ಮಂಡಳಿಯ ಆಟವನ್ನು ನೋಡಿದವರಿಗೆ ಆ ವೇಷಗಳ ಹಿಂದಿನ ಕೈಕೆಲಸದ ಬೆಲೆ ತಿಳಿದಿದೆ.

ಒಂದು ಕಲ್ಪನೆಯ ಚಹಾಕೋಣೆ

ಆದ್ದರಿಂದ ನಮ್ಮ ಮನಸ್ಸಿನಲ್ಲಿ ಕೆಲವು ಕಾಲದಿಂದ ಒಂದು ಕೋಣೆಯಿದೆ. ಅದು ಇನ್ನೂ ಹಳದೀಪುರದಲ್ಲಿ ಎಲ್ಲಿಯೂ ಇಲ್ಲ. ಆದರೆ ಅದರ ಬಾಗಿಲು, ಕಿಟಕಿ, ಚಾಪೆಗಳು ನಮಗೆ ಸ್ಪಷ್ಟವಾಗಿ ಕಾಣುತ್ತವೆ.

ವಾರಕ್ಕೆ ಎರಡು ದಿನ, ಮಧ್ಯಾಹ್ನ ಮೂರರಿಂದ ಐದರವರೆಗೆ ಅದು ತೆರೆದಿರುತ್ತದೆ. ಹಗಲಿನ ಬೆಳಕು ಎಡಗಡೆಯಿಂದ ಬೀಳುವಂಥ ಕಿಟಕಿಯಿದೆ. ನೆಲದ ಮೇಲೆ ಚಾಪೆ, ಮೊಣಕಾಲುನೋವಿನವರಿಗೆ ಬೆನ್ನಾಸರೆಯ ಕುರ್ಚಿಗಳು. ಒಂದು ಪೆಟ್ಟಿಗೆಯಲ್ಲಿ ದೊಡ್ಡ ಕಣ್ಣಿನ ಸೂಜಿಗಳು, ದಾರದ ಉಂಡೆಗಳು, ಕತ್ತರಿ, ಮನೆಮನೆಯಿಂದ ಬಂದ ಹಳೆಯ ಬಟ್ಟೆಗಳು. ಹೊಲಿಗೆ ಬಾರದವರು ಹೂ ಕಟ್ಟಲಿ, ಮಣಿ ಪೋಣಿಸಲಿ, ಹೂಬತ್ತಿ ಹೊಸೆಯಲಿ, ಬೀಜ ಬಿಡಿಸಲಿ. ಏನೂ ಮಾಡಲಾಗದವರು ಸುಮ್ಮನೆ ಕುಳಿತು ಕೇಳಲಿ. ಜಾತಿ, ಮತ, ಭಾಷೆಗಳನ್ನು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಕನ್ನಡ, ಕೊಂಕಣಿ ಬೆರೆತ ನಮ್ಮ ಊರಿನ ಮಾತು ಅಲ್ಲಿ ಹಾಗೆಯೇ ನಡೆಯುತ್ತದೆ. ನಾಲ್ಕು ಗಂಟೆಗೆ ಚಹಾ.

ಚಹಾದ ವಿಷಯದಲ್ಲಿ ವೈದ್ಯನಾಗಿ ಎರಡು ಮಾತು ಹೇಳಲೇಬೇಕು. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಚಹಾದ ಪ್ರಸ್ತಾಪವಿಲ್ಲ. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಊಟದ ಜೊತೆಗೆ ಅಥವಾ ಊಟವಾದೊಡನೆ ಕುಡಿದರೆ ಆಹಾರದ ಕಬ್ಬಿಣದಂಶ ಸರಿಯಾಗಿ ಹೀರಲ್ಪಡುವುದಿಲ್ಲ, ರಕ್ತಹೀನತೆಯಿರುವ ತಾಯಂದಿರು ಇದನ್ನು ನೆನಪಿಡಬೇಕು. ಸಂಜೆ ಐದರ ಬಳಿಕ ಕುಡಿದರೆ ವೃದ್ಧರಿಗೆ ನಿದ್ರೆ ಕೆಡುತ್ತದೆ. ಮಧುಮೇಹಿಗಳಿಗೆ ಸಕ್ಕರೆ ಬೇಡ. ಇಲ್ಲಿನ ಮನೆಗಳಲ್ಲಿ ರೂಢಿಯಲ್ಲಿರುವ ಕೊತ್ತಂಬರಿ ಜೀರಿಗೆಯ ಕಷಾಯ, ಬೇಸಿಗೆಯಲ್ಲಿ ಮುರುಗಲು ಹಣ್ಣಿನ ಪಾನಕ, ಮಜ್ಜಿಗೆ ಇವೆಲ್ಲ ಚಹಾದ ಸ್ಥಾನವನ್ನು ಧಾರಾಳವಾಗಿ ತುಂಬಬಲ್ಲವು. ಲೋಟದಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಒಬ್ಬರು ಮತ್ತೊಬ್ಬರ ಕೈಗೆ ಕೊಡುತ್ತಾರೆಂಬುದೇ ಮುಖ್ಯ.

ಅಲ್ಲಿ ಒಂದು ನಿಯಮ ಮಾತ್ರ ಕಡ್ಡಾಯ. ಕೋಣೆಯಲ್ಲಿ ಇಲ್ಲದವರ ದೋಷವನ್ನು ಆಡಬಾರದು. ಪರದೋಷವನ್ನು ನುಡಿಯಬಾರದೆಂಬುದು ಚರಕರ ಸದ್ವೃತ್ತದ ವಿಧಿಗಳಲ್ಲಿಯೇ ಸೇರಿದೆ. ಕೂಟಗಳು ಮುರಿಯುವುದು ಹಣದಿಂದಲ್ಲ, ಚಾಡಿಯಿಂದ. ಹೊಲಿಗೆಯ ಬಗ್ಗೆ, ಅಡುಗೆಯ ಬಗ್ಗೆ, ಗಿಡಗಳ ಬಗ್ಗೆ, ತಮ್ಮ ತಮ್ಮ ನೋವಿನ ಬಗ್ಗೆ ಎಷ್ಟು ಬೇಕಾದರೂ ಆಡಲಿ.

ಸೂಜಿಯು ಕೊಡುವ ಎಚ್ಚರಿಕೆಗಳು

ಕೂಡಿ ಹೊಲಿಯುವುದರಿಂದ ಇನ್ನೊಂದು ಲಾಭವಿದೆ. ಒಂಟಿಯಾಗಿರುವವರ ರೋಗವು ತಡವಾಗಿ ಬೆಳಕಿಗೆ ಬರುತ್ತದೆ, ಕೂಟದಲ್ಲಿರುವವರ ರೋಗವನ್ನು ಜೊತೆಗಾರರೇ ಮೊದಲು ಗುರುತಿಸುತ್ತಾರೆ.

ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ದೂರ ಚಾಚಬೇಕಾಗಿದೆಯೆ? ಅದು ನಲವತ್ತರ ನಂತರದ ಸಹಜ ದೃಷ್ಟಿದೋಷ, ಕನ್ನಡಕ ಸಾಕು. ಕನ್ನಡಕ ಹಾಕಿದರೂ ಮಂಜು ಕವಿದಂತಿದೆಯೆ? ಕಣ್ಣಿನ ಪೊರೆಯಿರಬಹುದು, "ವಯಸ್ಸಾಯಿತು" ಎಂದು ಕೈಬಿಡದೆ ತೋರಿಸಬೇಕು. ಸೂಜಿ ಚುಚ್ಚಿ ರಕ್ತ ಬಂದರೂ ಬೆರಳಿಗೆ ತಿಳಿಯುತ್ತಿಲ್ಲವೆ? ನರಗಳು ದುರ್ಬಲವಾಗಿರಬಹುದು, ಮಧುಮೇಹದ ಪರೀಕ್ಷೆ ತಡಮಾಡದೆ ಆಗಬೇಕು. ಹೆಬ್ಬೆರಳು, ತೋರುಬೆರಳುಗಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆಯೆ? ಮಣಿಕಟ್ಟಿನಲ್ಲಿ ನರವು ಒತ್ತಿರಬಹುದು. ಹೊಸದಾಗಿ ಕೈ ನಡುಗುತ್ತಿದೆಯೆ? ಮೂವತ್ತು ವರ್ಷ ಹಾಕಿದ ಹೊಲಿಗೆ ಇದ್ದಕ್ಕಿದ್ದಂತೆ ಮರೆತುಹೋಗಿದೆಯೆ? ಅದೇ ಪ್ರಶ್ನೆಯನ್ನು ಅರ್ಧ ತಾಸಿನಲ್ಲಿ ಮೂರು ಬಾರಿ ಕೇಳುತ್ತಿದ್ದಾರೆಯೆ? ಇವೆಲ್ಲ ವೈದ್ಯರ ಬಳಿಗೆ ಹೋಗಬೇಕಾದ ಸೂಚನೆಗಳು.

ಹೊಲಿಯುವವರು ಪಾಲಿಸಬೇಕಾದ ಪಥ್ಯವೂ ಸರಳವಾಗಿದೆ. ತೀರ ಹತ್ತಿರದ ವಸ್ತುವನ್ನು ಎಡೆಬಿಡದೆ ನೋಡುವುದನ್ನು ಚರಕರು ಕಣ್ಣಿನ ಮಿಥ್ಯಾಯೋಗಗಳಲ್ಲಿ ಎಣಿಸಿದ್ದಾರೆ. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಹೊರಗಿನ ತೆಂಗಿನಮರದ ತುದಿಯನ್ನು ನೋಡಬೇಕು. ಬಟ್ಟೆಯನ್ನು ತೊಡೆಯ ಮೇಲಿಟ್ಟು ಕುತ್ತಿಗೆ ಬಗ್ಗಿಸುವ ಬದಲು ದಿಂಬಿನ ಮೇಲಿಟ್ಟು ಕಣ್ಣಿನ ಕಡೆಗೆ ಎತ್ತಿಕೊಳ್ಳಬೇಕು. ಅರ್ಧ ತಾಸಿಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಬೇಕು. ಸಂದುನೋವಿನವರು ದಪ್ಪ ಸೂಜಿ, ದೊಡ್ಡ ಹೊಲಿಗೆ, ಮೆತ್ತನೆಯ ಬಟ್ಟೆಯನ್ನು ಆರಿಸಿಕೊಳ್ಳಬೇಕು. ವರ್ಷಾಋತುವಿನಲ್ಲಿ ವಾತವು ಪ್ರಕೋಪಗೊಳ್ಳುವುದರಿಂದ ಮಲಗುವ ಮುನ್ನ ಬೆಚ್ಚಗಿನ ಎಳ್ಳೆಣ್ಣೆಯನ್ನು ಬೆರಳುಗಳಿಗೂ ಮಣಿಕಟ್ಟಿಗೂ ಹಚ್ಚಿ ಬಿಸಿನೀರಿನ ಶಾಖ ಕೊಟ್ಟರೆ ಹಿತ. ಬೆರಳು ಊದಿ ಕೆಂಪಾಗಿರುವಾಗ ಮಾತ್ರ ಸೂಜಿಗೆ ಪೂರ್ಣ ವಿಶ್ರಾಂತಿ, ಆಗಲೂ ಕೂಟಕ್ಕೆ ವಿಶ್ರಾಂತಿ ಬೇಡ.

ಕೂಟವೊಂದೇ ಎಲ್ಲಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ. ಎರಡು ವಾರ ಮೀರಿ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ರೆ, ಹಸಿವು ಹೋಗಿ, ಬದುಕು ಬೇಡವೆನಿಸಿದರೆ ಅದು ಚಹಾದಿಂದ ಹೋಗುವ ಬೇಸರವಲ್ಲ, ಖಿನ್ನತೆಯೆಂಬ ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ. ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದು. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದು.

ಯಾರು ಮಾಡಬೇಕು?

"ಇದಕ್ಕೆಲ್ಲ ಜಾಗ ಎಲ್ಲಿದೆ, ಹಣ ಎಲ್ಲಿದೆ?" ಎಂಬ ಪ್ರಶ್ನೆ ಸಹಜ. ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಮಧ್ಯಾಹ್ನದ ಹೊತ್ತು ಜನ ವಿರಳ. ಸಮುದಾಯ ಭವನಗಳು ಮದುವೆಯ ದಿನಗಳನ್ನುಳಿದು ಬೀಗ ಹಾಕಿಕೊಂಡಿರುತ್ತವೆ. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಾಗಿನಿಂದ ಹಳ್ಳಿಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳಿವೆ. ತಾಯಂದಿರಿಗೆ ಕೂಡುವ ಅಭ್ಯಾಸವಿದೆ. ಆದರೆ ಆ ಸಭೆಗಳಲ್ಲಿ ಉಳಿತಾಯ, ಸಾಲ, ಕಂತುಗಳ ಲೆಕ್ಕ ಮುಗಿಯುವಷ್ಟರಲ್ಲಿ ಎಲ್ಲರೂ ಎದ್ದು ಹೊರಡುತ್ತಾರೆ. ಲೆಕ್ಕ ಮುಗಿದ ಮೇಲೆ ಒಂದು ತಾಸು ಸೂಜಿಯೊಡನೆ ಕೂರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಹೊಲಿದದ್ದನ್ನು ಮಾರಿ ಲಾಭ ಮಾಡಬೇಕೆಂದು ಕೂಡಲೇ ಯಾರಾದರೂ ಸಲಹೆ ಕೊಡುತ್ತಾರೆ. ಮಾರಾಟ ತಪ್ಪಲ್ಲ. ಆದರೆ ಆರಂಭದಲ್ಲಿಯೇ ಲಾಭದ ಗುರಿಯನ್ನಿಟ್ಟರೆ ಕೈ ನಿಧಾನವಾದ ಎಪ್ಪತ್ತರ ಅಜ್ಜಿಯು ಎಲ್ಲರಿಗೂ ಭಾರವಾಗಿ ಕಾಣುತ್ತಾಳೆ. ಈ ಕೋಣೆಯು ಇರುವುದೇ ಅವಳಿಗಾಗಿ. ಹೊಲಿದ ಹೊದಿಕೆಗಳು ಅಂಗನವಾಡಿಯ ಮಕ್ಕಳಿಗೋ ಬಾಣಂತಿಯರಿಗೋ ಹೋಗಲಿ, ಅದೂ ದಾಸೋಹವೇ.

ಶ್ರೀಮಠದ ಭಕ್ತರು ಇರುವಲ್ಲೆಲ್ಲ ಒಂದು ಪಡಸಾಲೆಯಾದರೂ ಇದೆ. ತಿಂಗಳ ಶಿವಾನುಭವಗೋಷ್ಠಿಗೆ ಬರುವ ಹಿರಿಯರು ಪ್ರವಚನ ಮುಗಿದೊಡನೆ ತಮ್ಮ ತಮ್ಮ ಮನೆಯ ಮೌನಕ್ಕೆ ಹಿಂದಿರುಗುತ್ತಾರೆ. ಅವರಿಗೆ ವಾರಕ್ಕೊಂದು ಮಧ್ಯಾಹ್ನ, ಒಂದು ಚಾಪೆ, ಒಂದು ಪೆಟ್ಟಿಗೆ ಸೂಜಿದಾರ, ಒಂದು ಪಾತ್ರೆ ಕಷಾಯವನ್ನು ಒದಗಿಸುವುದು ನಮಗೆ ಅಸಾಧ್ಯವೆ? ರಸ್ತೆ ದಾಟಲಾಗದವರನ್ನು ಕೈಹಿಡಿದು ದಾಟಿಸಲು ಇಬ್ಬರು ತರುಣರು ಸಾಕು. ವೈದ್ಯರಾದ ನಮ್ಮವರೂ ರೋಗಿಗೆ "ಇದನ್ನು ಬಿಡಿ" ಎಂದು ಬರೆದುಕೊಡುವ ಮುನ್ನ, ಅದನ್ನು ಬಿಟ್ಟರೆ ಅದರ ಜೊತೆಯಲ್ಲಿ ಇನ್ನೇನು ಹೋಗುತ್ತದೆಂದು ಒಂದು ಮಾತು ಕೇಳಬೇಕು.

ಆ ತಾಯಿಯ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅಂದು ನಾವು ನಮ್ಮ ಸಲಹೆಯನ್ನು ಹಿಂದೆಗೆದುಕೊಂಡು, ದಪ್ಪ ಸೂಜಿ, ಒಂದು ತಾಸು, ನಡುನಡುವೆ ವಿಶ್ರಾಂತಿ, ಜಗಲಿಯ ಮೇಲೆಯೇ ಎಂದು ಹೊಸದಾಗಿ ಬರೆದುಕೊಟ್ಟೆವು. "ಡಾಕ್ಟ್ರು ಹೇಳಿದಾರೆ" ಎಂಬ ಹೊಸ ನೆಪವೂ ಅವರಿಗೆ ದೊರೆಯಿತು. ಕುತ್ತಿಗೆನೋವು ಸ್ವಲ್ಪ ಮರಳಿ ಬಂತು, ಅದನ್ನು ಮರೆಮಾಚುವುದಿಲ್ಲ. ಆದರೆ ನಿದ್ರೆ ಬಂತು, ಹಸಿವು ಬಂತು. ನಾಲ್ವರಲ್ಲಿ ಒಬ್ಬರು ಈಗಿಲ್ಲ, ಇನ್ನೊಬ್ಬರು ಮಗನ ಮನೆಗೆ ದೂರದ ಊರಿಗೆ ಹೋದರು. ಉಳಿದವರು ಇಬ್ಬರೇ. ಕಳೆದ ತಿಂಗಳು ಔಷಧಿಗೆ ಬಂದಾಗ ಅವರು ನಮ್ಮನ್ನು ಕೇಳಿದರು: "ಡಾಕ್ಟ್ರೇ, ನಿಮ್ಮಲ್ಲಿಗೆ ಬರೋರಲ್ಲಿ ಹೊಲಿಗೆ ಬರೋರು ಯಾರಾದ್ರೂ ಇದ್ದಾರಾ? ನಮಗೆ ಜನ ಕಡಿಮೆ ಆಗಿದೆ."

ಆ ಪ್ರಶ್ನೆಯನ್ನು ನಾವು ಸದ್ಭಕ್ತರೆಲ್ಲರಿಗೆ ದಾಟಿಸುತ್ತಿದ್ದೇವೆ. ತಮ್ಮ ತಮ್ಮ ಓಣಿಯಲ್ಲಿ ಹಿಂದೆ ಹೊಲಿಯುತ್ತಿದ್ದು ಈಗ ಬಿಟ್ಟವರು ಯಾರಿದ್ದಾರೆಂದು ಈ ತಿಂಗಳು ಒಮ್ಮೆ ವಿಚಾರಿಸಿ. ಅವರ ಮನೆಗೆ ಹರಿದದ್ದೊಂದು ಬಟ್ಟೆಯನ್ನು ಹಿಡಿದುಕೊಂಡು ಹೋಗಿ. ನೆಪ ಅಷ್ಟೇ ಸಾಕು.